14 ಹಡಗು, ನೀರಿನಲ್ಲಿ 5

ಮಾದರಿ ಹಡಗುಗಳ ಕಾಳಗ ಆಡುವ ಪುಣೆಯ ನಮ್ಮ ಗುಂಪಿನಲ್ಲಿ ಯಾರನ್ನೇ ಕೇಳಿ, ನಮ್ಮ ಹತ್ತಿರ 14 ಯುದ್ಧನೌಕೆ ಇವೆ ಅನ್ನುತ್ತಾರೆ. ನಿಜವೇ. ಆದರೆ ನಾನು ಒಂದು ವರ್ಷ ಪ್ರತಿ ಭಾನುವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ ಬೇರೆ. ಬೆಳಿಗ್ಗೆ ಹೊಂಡಕ್ಕೆ ಇಳಿಯುತ್ತಿದ್ದದ್ದು ಏಳೋ ಎಂಟೋ, ಊಟ ಆದಮೇಲೆ ಮತ್ತೆ ಇಳಿಯುತ್ತಿದ್ದದ್ದು ಐದೇ.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಮಹಾಯುದ್ಧಗಳ ಕಾಲದ ಹಡಗುಗಳನ್ನು 1:144 ಅಳತೆಯಲ್ಲಿ ಕಟ್ಟಿ, ಎರಡು ಪಕ್ಷವಾಗಿ, ರಿಮೋಟ್‌ನಿಂದ ಓಡಿಸುತ್ತೇವೆ. ಒಳಗಿನ ಗ್ಯಾಸ್ ಗನ್ 4.5 ಮಿ.ಮೀ. ಉಕ್ಕಿನ ಗುಂಡು ಹಾರಿಸುತ್ತದೆ. ಪಕ್ಕೆಗಳಿಗೆ ಹಾಕಿರುವುದು ಬರೀ 0.8 ಮಿ.ಮೀ. ಬಾಲ್ಸಾ ಮರ, ಹಾಗಾಗಿ ಗುಂಡು ಬಿದ್ದರೆ ತೂತು, ತೂತು ಬಿದ್ದರೆ ನೀರು, ಒಳಗಿನ ಪುಟ್ಟ ಪಂಪು ಸೋತ ಕ್ಷಣ ಹಡಗು ಮುಳುಗುತ್ತದೆ. ಮೇಲೆ ದಾರ ಕಟ್ಟಿದ ಬಿರಡೆ ತೇಲುತ್ತದೆ, ಎಳೆದು ತೆಗೆದು ತೇಪೆ ಹಾಕಿ ಮತ್ತೆ ಬಿಡುವುದು. 1970ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಆಟ ಇದು. ನಾವು ತಳೇಗಾಂವ್ ಹತ್ತಿರ ಗೆಳೆಯರ ಹೊಲದ ಹೊಂಡದಲ್ಲಿ ಆಡುತ್ತೇವೆ. ಕಣ್ಣಿಗೆ ಸೇಫ್ಟಿ ಕನ್ನಡಕ ಇಲ್ಲದವರು ದಡಕ್ಕೆ ಬರುವ ಹಾಗಿಲ್ಲ.

ಮೊದಲು ಎಲ್ಲರಿಗೂ ದೊಡ್ಡದೇ ಬೇಕಿತ್ತು. ಬೆಳಗಾವಿಯ ಗೆಳೆಯರೊಬ್ಬರು ಎರಡು ವರ್ಷ ಕೂತು ಜರ್ಮನಿಯ ದೈತ್ಯ ಯುದ್ಧನೌಕೆ ಬಿಸ್ಮಾರ್ಕ್ ಕಟ್ಟಿದರು. ಅಸಲಿ ಹಡಗು 251 ಮೀಟರ್, ಇವರದ್ದು ಸುಮಾರು ಒಂದೂಮುಕ್ಕಾಲು ಮೀಟರ್. ಉದ್ದ 144ರಲ್ಲಿ ಒಂದು ಪಾಲಾದರೆ ತೂಕವನ್ನು 144ರಿಂದ ಮೂರು ಸಲ ಭಾಗಿಸಬೇಕು, ಆದರೂ 50 ಸಾವಿರ ಟನ್‌ಗೆ ಸುಮಾರು 17 ಕೆ.ಜಿ. ಬರುತ್ತದೆ. ಅವರ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. "ಹಡಗು ಭಾಳ ಛಂದ ಐತ್ರಿ, ಇಳಸೋದ ತ್ರಾಸ" ಅಂದರು. ನಾಲ್ಕು ಭಾನುವಾರ ಬಂದರು, ಆಮೇಲೆ ಬರಲಿಲ್ಲ.

ನಾನು ಕಟ್ಟಿದ್ದು ಐಎನ್‌ಎಸ್ ಮೈಸೂರು. ನಾನು ಕಾರವಾರದವನು. 1961ರಲ್ಲಿ ಗೋವಾ ವಿಮೋಚನೆಯಾದಾಗ ಅಂಜದೀವ್ ದ್ವೀಪ ಹಿಡಿಯಲು ಹೋದ ಹಡಗು ಅದು, ನಮ್ಮ ದಡದ ಎದುರಿಗೇ. ನನಗೆ ಬೇರೆ ಆಯ್ಕೆಯೇ ಇರಲಿಲ್ಲ. 1939ರಲ್ಲಿ ನೀರಿಗಿಳಿದಾಗ ಅದು ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ, 1957ರಲ್ಲಿ ನಮ್ಮ ನೌಕಾಪಡೆಗೆ ಬಂತು. ಹಾಗಾಗಿ ಮಿತ್ರರಾಷ್ಟ್ರಗಳ ಕಡೆ ಸಲೀಸಾಗಿ ಆಡಬಹುದು. ಉದ್ದ 1.18 ಮೀಟರ್, ತೂಕ ಮೂರೂವರೆ ಕೆ.ಜಿ. ಆಸುಪಾಸು. ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರ್ ಮೇಲೆ ಒಯ್ಯುತ್ತೇನೆ. ನೋಟ್‌ಬುಕ್ ತಿರುವಿದರೆ ತಪ್ಪದೆ ಬಂದವು ಇಂಥ ಕ್ರೂಸರ್‌ಗಳೇ, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆಗಳು.

ಹಳೇ ಕ್ರಿಸ್ಟಲ್ ರಿಮೋಟ್ ಕಾಲದಲ್ಲಿ ಇಬ್ಬರದ್ದು ಒಂದೇ ಚಾನೆಲ್ ಆದರೆ ಒಬ್ಬರು ದಡದಲ್ಲೇ ಕೂರಬೇಕಿತ್ತಂತೆ. ಈಗ ತಾನೇ ಚಾನೆಲ್ ಹುಡುಕಿಕೊಳ್ಳುವ 2.4 ಗಿಗಾಹರ್ಟ್ಸ್ ರಿಮೋಟ್ ಬಂದು ಆ ತಲೆನೋವು ಇಲ್ಲ. ನಮ್ಮ ಕಷ್ಟ ತೇಪೆಯದ್ದು. ಒಂದು ಸುತ್ತು ಮುಗಿದ ಮೇಲೆ ನನ್ನ ಮೈಸೂರಿನ ಎಡಪಕ್ಕೆಯಲ್ಲಿ 23 ತೂತು ಎಣಿಸಿದ್ದೇನೆ, ನೀರಿನ ಗೆರೆಯ ಕೆಳಗೇ ಒಂಬತ್ತು. ಬಾಲ್ಸಾ ಒದ್ದೆಯಾಗಿದ್ದರೆ ಅಂಟು ಹಿಡಿಯುವುದಿಲ್ಲ. ಮೊದಲು ಬಟ್ಟೆಯಿಂದ ಒತ್ತಿ ಒರೆಸಬೇಕು, ಬಿಸಿಲಿಗೆ ಹಿಡಿಯಬೇಕು, ಆಮೇಲೆ ತೆಳು ಕಾಗದದ ಚೂರು ಅಂಟಿಸಬೇಕು. ಹೊಸಬರಿಗೆ ಇದು ಒಂದು ಗಂಟೆಯ ಕೆಲಸ. ಅಷ್ಟರಲ್ಲಿ ಮುಂದಿನ ಸುತ್ತು ಶುರು, ಬೇಜಾರಾಗಿ ಮನೆಗೆ ಹೋಗುತ್ತಾರೆ. ಊಟದ ನಂತರ ಐದೇ ಹಡಗು ಯಾಕೆ ಅಂತ ಇಲ್ಲಿ ಗೊತ್ತಾಯಿತು ಅಲ್ವಾ?

ಆಮೇಲೆ ಒಂದು ಮೇಜು ಹಾಕಿದೆವು. ಕತ್ತರಿಸಿಟ್ಟ ಕಾಗದ, ಅಂಟು, ತಾಪಕೀರ್ ಗಲ್ಲಿಯಿಂದ ತಂದ ಬಿಡಿ ಮೋಟಾರು, ಪಂಪು, ಚಾರ್ಜ್ ಆದ ಬ್ಯಾಟರಿ ಎಲ್ಲ ಅಲ್ಲೇ. ಮುಳುಗಿದವರ ಹಡಗಿಗೆ ಇಬ್ಬರು ಹಳಬರು ಕೈ ಹಾಕುತ್ತಾರೆ, ಎದುರು ಪಕ್ಷದವರಾದರೂ ಸರಿ. ಜತೆಗೆ ಎರಡು ಚಿಕ್ಕ ಕ್ರೂಸರ್ ಸುಮ್ನೆ ಎರವಲಿಗಂತಲೇ ಕಟ್ಟಿಟ್ಟೆವು. ನೋಡಲು ಬಂದವರ ಕೈಗೆ ಅವತ್ತೇ ರಿಮೋಟ್ ಕೊಡುತ್ತೇವೆ. ನನ್ನ ಪ್ರಕಾರ ಇದರಿಂದಲೇ ಜಾಸ್ತಿ ಲಾಭ ಆಗಿದ್ದು. ಸ್ವಂತ ಹಡಗು ಕಟ್ಟಿ ಮುಗಿಸಲು ಆರು ತಿಂಗಳು ಬೇಕು, ಅಷ್ಟು ದಿನ ಯಾರೂ ಬರೀ ದಡದಲ್ಲಿ ನಿಲ್ಲುವುದಿಲ್ಲ.

ಈಗ ಮಧ್ಯಾಹ್ನದ ಲೆಕ್ಕ ಎಂಟಕ್ಕೆ ಬಂದಿದೆ, ಪಕ್ಷಕ್ಕೆ ನಾಲ್ಕು. ಬಿಸ್ಮಾರ್ಕ್‌ನವರು ಹೋದ ವಾರ ಬರಿಗೈಯಲ್ಲಿ ಬಂದು ಎರವಲಿನ ಹಡಗು ಓಡಿಸಿದರು. ಈ ಭಾನುವಾರ ಅವರ ಹಡಗು ಇಳಿಸಲು ನಾವು ಮೂವರು ಅವರ ಮನೆಗೆ ಹೋಗುವವರಿದ್ದೇವೆ.