ಐಐಎಂ ಸೀಟಿನ ಅಂದಾಜು: ಲಕೋಟೆಯಲ್ಲಿ ಮುಚ್ಚಿಟ್ಟ ನಲವತ್ತೊಂದು ಕಾರ್ಡುಗಳು

2025ರ ಮೇ ಕೊನೆಯಲ್ಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು, ಎಂಟು ತಿಂಗಳ ಹಿಂದೆ ಅಂಟಿಸಿಟ್ಟಿದ್ದ ನಲವತ್ತೊಂದು ಲಕೋಟೆಗಳನ್ನು ಒಂದೊಂದಾಗಿ ಒಡೆದೆ. ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ಗೆ ಏಳು ವಾರವಿರುವಾಗ ಪ್ರತಿ ವಿದ್ಯಾರ್ಥಿಯ ಕಾರ್ಡಿನ ಮೇಲೆ, ಯಾವ ಯಾವ ಸಂಸ್ಥೆಯಿಂದ ಕಾಲ್ (ಸಂದರ್ಶನದ ಕರೆ) ಬರಬಹುದು, ಕೊನೆಗೆ ಸೀಟು ಸಿಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂಬುದನ್ನು ಬರೆದು, ದಿನಾಂಕ ಹಾಕಿ, ವಿದ್ಯಾರ್ಥಿಯ ಸಹಿ ಪಡೆದು ಮುಚ್ಚಿದ್ದೆ. ಶುಲ್ಕ ಪಡೆದು ಇಂಥ ಅಂದಾಜು ಹೇಳುವುದೇ ನನ್ನ ಕಸುಬು. ಎಪ್ಪತ್ತಕ್ಕಿಂತ ಹೆಚ್ಚು ಕೊಟ್ಟ ಹನ್ನೊಂದು ಮಂದಿಯಲ್ಲಿ ಎಂಟು ಮಂದಿಗೆ ಸೀಟು ಸಿಕ್ಕಿತ್ತು. ಇಪ್ಪತ್ತಕ್ಕಿಂತ ಕಡಿಮೆ ಕೊಟ್ಟ ಹದಿನೇಳು ಮಂದಿಯಲ್ಲಿ ಒಬ್ಬನಿಗೆ ಮಾತ್ರ. "ಇದು ಗಿಣಿಶಾಸ್ತ್ರ" ಎಂದು ಐದು ವರ್ಷ ನಕ್ಕವರಲ್ಲಿ ಇಬ್ಬರು ಈಗ ತಮ್ಮ ವಿದ್ಯಾರ್ಥಿಗಳ ಅಂಕಪಟ್ಟಿ ಹಿಡಿದು ನನ್ನ ಕೋಣೆಗೇ ಬರುತ್ತಿರುವುದರಿಂದ, ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲ ವರ್ಷ, ಅಂದರೆ 2019ರಲ್ಲಿ, ನಾನೂ ಎಲ್ಲರಂತೆ ಮಾಕ್ (ಅಣಕು) ಪರೀಕ್ಷೆಗಳ ಅತ್ಯುತ್ತಮ ಪರ್ಸೆಂಟೈಲನ್ನೇ, ಅಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂಬುದನ್ನೇ, ನಂಬಿದ್ದೆ. ಇಪ್ಪತ್ತೆರಡು ಮಂದಿಯಲ್ಲಿ ಒಂಬತ್ತು ಮಂದಿಗೆ ಸೀಟು ಖಚಿತ ಎಂದೆ, ಸಿಕ್ಕಿದ್ದು ಮೂವರಿಗೆ. ಅಂದಾಜು ತಪ್ಪಿದರೆ ಶುಲ್ಕ ವಾಪಸ್ ಎಂದು ಕರಪತ್ರ ಹಂಚಿದ್ದರಿಂದ, ತಲಾ 3,500 ರೂಪಾಯಿಯಂತೆ ಆರು ಮಂದಿಗೆ 21,000 ರೂಪಾಯಿ ಎಣಿಸಿಕೊಡಬೇಕಾಯಿತು. ಮರುವರ್ಷ ಕೊರೋನಾ ಬಂದು, ಮೂರು ಗಂಟೆಯ ಕ್ಯಾಟ್ ಎರಡು ಗಂಟೆಗೆ ಇಳಿಯಿತು. ನೂರು ಪ್ರಶ್ನೆಗಳು ಎಪ್ಪತ್ತಾರಾದವು. ಕಷ್ಟಪಟ್ಟು ಹಾಕಿಟ್ಟಿದ್ದ ಕೋಷ್ಟಕಗಳೆಲ್ಲ ರದ್ದಿಗೆ ಹೋದವು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2022ರಲ್ಲಿ. ಒಬ್ಬರಿಂದ 18,000 ರೂಪಾಯಿ ಕೊಟ್ಟು ಸುಮಾರು ಸಾವಿರದ ನಾನೂರು ಅಭ್ಯರ್ಥಿಗಳ ಪ್ರೊಫೈಲ್, ಪರ್ಸೆಂಟೈಲ್ ಮತ್ತು ಕಾಲ್‌ಗಳ ಪಟ್ಟಿಯನ್ನು ಕೊಂಡೆ. ಅದರ ಪ್ರಕಾರ 99 ಪರ್ಸೆಂಟೈಲ್ ಪಡೆದ ಸಾಮಾನ್ಯ ವರ್ಗದ ಎಂಜಿನಿಯರ್ ಹುಡುಗನಿಗೂ ಒಳ್ಳೆಯ ಕಾಲ್ ಬರುವುದು ಹೆಚ್ಚುಕಡಿಮೆ ಖಾತ್ರಿ. ಮೂರು ತಿಂಗಳ ನಂತರ ಹೊಳೆಯಿತು: ಕಾಲ್ ಬಂದವರು ಮಾತ್ರ ಉತ್ಸಾಹದಿಂದ ವಿವರ ತುಂಬಿದ್ದರು, ಬಾರದವರು ಸುಮ್ಮನೆ ಮನೆಯಲ್ಲಿ ಕುಳಿತಿದ್ದರು. ಆಗ ಕ್ಯಾಟ್ ಬರೆಯುತ್ತಿದ್ದವರು ಎರಡು ಲಕ್ಷದಷ್ಟು ಎಂದು ಹಿಡಿದರೂ, 99 ಪರ್ಸೆಂಟೈಲ್ ಪಡೆದವನ ಮುಂದೆ ಎರಡು ಸಾವಿರದಷ್ಟು ಜನ ನಿಂತಿರುತ್ತಾರೆ ಎಂಬ ಸರಳ ಲೆಕ್ಕವನ್ನು ನಾನು ಆ ಹಣ ಕೊಡುವ ಮೊದಲೇ ಮಾಡಬಹುದಿತ್ತು.

ನನ್ನ ಪದ್ಧತಿ ತಿರುಗಿದ್ದು ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರಿಂದ. ಮಗಳ ಮಾಕ್ ಅಂಕಗಳ ಹಾಳೆಯನ್ನು ನಾನು ಮೇಜಿನ ಮೇಲೆ ಹರಡಿ, ಅವಳ ಅತಿ ಹೆಚ್ಚಿನ ಅಂಕಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದಾಗ, ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, "ಸರ್, ಚೀಲದ ಮ್ಯಾಲಿನ ಕಾಯಿ ನೋಡಿ ರೇಟ್ ಹೇಳಬ್ಯಾಡ್ರಿ, ತಳದಾಗ ಕೈ ಹಾಕ್ರಿ" ಎಂದರು. ಅಂದಿನಿಂದ ಕೊನೆಯ ಹತ್ತು ಮಾಕ್‌ಗಳಲ್ಲಿ ಅತಿ ಕಡಿಮೆ ಬಂದ ಮೂರರ ಸರಾಸರಿಯನ್ನೇ, ಅದನ್ನೂ ವಿಭಾಗವಾರು, ತೆಗೆಯುತ್ತೇನೆ. ಒಟ್ಟು ಅಂಕ ಚೆನ್ನಾಗಿದ್ದೂ ಡಿಐಎಲ್‌ಆರ್‌ನಲ್ಲಿ, ಅಂದರೆ ದತ್ತಾಂಶ ಮತ್ತು ತರ್ಕದ ವಿಭಾಗದಲ್ಲಿ, ಒಂದೇ ಒಂದು ಸೆಟ್ (ಪ್ರಶ್ನೆಗಳ ಗುಚ್ಛ) ಕೈಕೊಟ್ಟರೆ ವಿಭಾಗದ ಕನಿಷ್ಠ ಪರ್ಸೆಂಟೈಲೇ ದಾಟದೆ ಉಳಿದ ಹುಡುಗರನ್ನು ನಾನು ಸಾಕಷ್ಟು ನೋಡಿದ್ದೇನೆ.

ಎರಡನೆಯ ಬದಲಾವಣೆ ಲೆಕ್ಕದ ದಿಕ್ಕಿನದು. "ಇಷ್ಟು ಪರ್ಸೆಂಟೈಲ್ ಬಂದರೆ ಎಲ್ಲಿ ಸಿಗುತ್ತದೆ" ಎಂದು ಕೇಳುವುದನ್ನು ಬಿಟ್ಟು, ಪ್ರತಿ ಸಂಸ್ಥೆ ಪ್ರಕಟಿಸುವ ವೇಟೇಜನ್ನು (ಯಾವುದಕ್ಕೆ ಎಷ್ಟು ಪಾಲು ಎಂಬ ಲೆಕ್ಕವನ್ನು) ಹಿಂದಿನಿಂದ ಬಿಚ್ಚಿ, ಈ ಹತ್ತನೆಯ ತರಗತಿ, ಈ ಪಿಯುಸಿ, ಈ ಪದವಿ, ಈ ಕೆಲಸದ ಅನುಭವ ಇರುವ ಅಭ್ಯರ್ಥಿಗೆ ಈ ಸಂಸ್ಥೆಯ ಕಾಲ್ ಬರಲು ಎಷ್ಟು ಅಂಕ ಬೇಕು ಎಂದು ಕೇಳತೊಡಗಿದೆ. ಸಂಸ್ಥೆಗಳು ಮುದ್ರಿಸುವ ಕನಿಷ್ಠ ಅರ್ಹತೆಯನ್ನು ನಾನು ನೋಡುವುದೇ ಇಲ್ಲ. ಎಂಬತ್ತೈದರ ಕಟ್‌ಆಫ್ ಓದಿ ಸಿಹಿ ಹಂಚಿದ ಮನೆಗಳು ನನಗೆ ಗೊತ್ತು. ಬೇಕಾದ ಅಂಕ ಮತ್ತು ತಳದ ಅಂಕಗಳ ನಡುವಿನ ಅಂತರವೇ ನನ್ನ ಅಂದಾಜಿನ ಬೆನ್ನೆಲುಬು. ಯಾವ ಅಂತರಕ್ಕೆ ನೂರಕ್ಕೆ ಎಷ್ಟು ಎಂಬ ಪಟ್ಟಿ ನನ್ನ ಅನ್ನದ ದಾರಿಯಾದ್ದರಿಂದ ಅದನ್ನು ಇಲ್ಲಿ ಕೊಡುವುದಿಲ್ಲ.

ಇಲ್ಲಿ ಎಡವುವ ಜಾಗಗಳು ಚಿಕ್ಕವಾದರೂ ದುಬಾರಿ. ವಿಟಿಯುವಿನ ಒಬ್ಬ ಮೆಕ್ಯಾನಿಕಲ್ ಹುಡುಗನ 8.2 ಸಿಜಿಪಿಎಯನ್ನು (ಹತ್ತಕ್ಕೆ ಲೆಕ್ಕ ಹಾಕಿದ ಸರಾಸರಿ) ಹತ್ತರಿಂದ ಗುಣಿಸಿ ಶೇಕಡಾ 82 ಎಂದು ಬರೆದುಕೊಂಡಿದ್ದೆ. ಅವನ ಸ್ಕೀಮಿನಲ್ಲಿ ಮೊದಲು 0.75 ಕಳೆಯಬೇಕಿತ್ತು, ಆಗ ಬರುವುದು 74.5. ಆ ಏಳೂವರೆ ಅಂಕದಲ್ಲಿ ಒಂದು ಕಾಲ್ ಹೋಯಿತು, ನನ್ನ ಮಾನವೂ ಹೋಯಿತು. ಇನ್ನೊಂದು, 2021ರ ಪಿಯುಸಿ ತಂಡ. ಆ ವರ್ಷ ಪರೀಕ್ಷೆಯೇ ನಡೆಯದೆ ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಮತ್ತು ಆಂತರಿಕ ಅಂಕಗಳಿಂದ ಫಲಿತಾಂಶ ಕೊಟ್ಟದ್ದರಿಂದ ಎರಡು ಸಾವಿರಕ್ಕೂ ಹೆಚ್ಚು ಮಂದಿ 600ಕ್ಕೆ 600 ಪಡೆದರು. ಐಐಎಂ ಬೆಂಗಳೂರು ಬೋರ್ಡಿನ ಅಂಕವನ್ನು ಇದ್ದ ಹಾಗೆಯೇ ತೆಗೆದುಕೊಳ್ಳದೆ, ಅದೇ ಬೋರ್ಡಿನ ಅಭ್ಯರ್ಥಿಗಳ 90ನೆಯ ಪರ್ಸೆಂಟೈಲ್ ಅಂಕದಿಂದ ಭಾಗಿಸಿ ಹೊಂದಿಸುತ್ತದೆ. ಹಾಗಾಗಿ ಎಲ್ಲರಿಗೂ ಅಂಕ ಸುರಿದ ಕಾಲದ ತೊಂಬತ್ತೆಂಟಕ್ಕೆ, ಮನೆಯವರು ಅಂದುಕೊಂಡಷ್ಟು ಬೆಲೆ ಇರುವುದಿಲ್ಲ. ದಲಾಲರ ಮಗಳೂ ಇದೇ ತಂಡದವಳು, ಬಿಕಾಂ. ಅವಳ ಕಾರ್ಡಿನಲ್ಲಿ ನಾನು ಬೆಂಗಳೂರಿಗೆ 35, ಒಟ್ಟಾರೆ ಸೀಟಿಗೆ 75 ಎಂದು ಬರೆದೆ. ಎಂಜಿನಿಯರುಗಳೇ ತುಂಬಿರುವ ಈ ಸಂತೆಯಲ್ಲಿ ವಾಣಿಜ್ಯದ ಹುಡುಗಿಗೆ ಕೆಲವು ಸಂಸ್ಥೆಗಳ ವೈವಿಧ್ಯದ ಅಂಕಗಳು ಎಷ್ಟು ಎತ್ತಿಹಿಡಿಯುತ್ತವೆ ಎಂಬುದನ್ನು ಊರಿನ ದೊಡ್ಡ ಕೋಚಿಂಗ್ ಕೇಂದ್ರವೊಂದು ಲೆಕ್ಕಕ್ಕೇ ಹಿಡಿಯದೆ, ಈ ವರ್ಷ ಬಿಟ್ಟು ಮುಂದಿನ ವರ್ಷ ನೋಡೋಣವೆಂದು ಅವಳಿಗೆ ಹೇಳಿತ್ತು. ಬೆಂಗಳೂರಿನ ಕಾಲ್ ಬರಲಿಲ್ಲ. ಈಗ ಅವಳು ಐಐಎಂ ಕೋಯಿಕ್ಕೋಡ್‌ನಲ್ಲಿ ಓದುತ್ತಿದ್ದಾಳೆ.

ಕಾಲ್ ಬಂದ ಮೇಲೆ ಸಂದರ್ಶನದ ಪಾಲನ್ನು ಅಳೆಯುವುದು ಬಹಳ ಕಾಲ ನನಗೆ ಒಲಿಯಲಿಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರನ್ನೂ ಕಾಲೇಜು ಉಪನ್ಯಾಸಕರೊಬ್ಬರನ್ನೂ ಕೂರಿಸಿ, ದಿನಕ್ಕೆ ತಲಾ ಸಾವಿರ ರೂಪಾಯಿ ಕೊಟ್ಟು ಅಣಕು ಸಂದರ್ಶನಕ್ಕೆ ಅಂಕ ಹಾಕಿಸಿದೆ. ಇಬ್ಬರ ಅಂಕಗಳೂ ಇಂಗ್ಲಿಷಿನ ಸರಾಗತೆಯ ಹಿಂದೆಯೇ ಓಡಿದವು, ಫಲಿತಾಂಶದೊಂದಿಗೆ ತಾಳೆಯಾಗಲಿಲ್ಲ. ಬೇಸತ್ತು, ಒಂದು ಶನಿವಾರ ಸುಮ್ಮನೆ ಒಂದು ಪ್ರಯೋಗ ಮಾಡಿದೆ: ಗುಂಪಿನಲ್ಲಿದ್ದ ಹದಿನಾಲ್ಕು ವಿದ್ಯಾರ್ಥಿಗಳಿಗೆ ಚೀಟಿ ಕೊಟ್ಟು, ತಮ್ಮನ್ನು ಬಿಟ್ಟು ಉಳಿದವರಲ್ಲಿ ಯಾವ ಐವರಿಗೆ ಸೀಟು ಸಿಗುತ್ತದೆ ಎಂದು ಹೆಸರಿಲ್ಲದೆ ಬರೆಯಿಸಿದೆ. ಹೆಚ್ಚು ಚೀಟಿ ಪಡೆದ ಐವರಲ್ಲಿ ನಾಲ್ವರು ಗೆದ್ದರು. ನನ್ನ ಪಟ್ಟಿಯಲ್ಲಿ ಮೂವರು. ಅಂದಿನಿಂದ ಚೀಟಿಗಳಿಗೂ ಅಂದಾಜಿನಲ್ಲಿ ಪಾಲು ಕೊಟ್ಟಿದ್ದೇನೆ. ಇದರೊಂದಿಗೆ ಮೊದಲ ಭೇಟಿಯಲ್ಲಿ ಕೇಳುವ ಮೂರು ಪ್ರಶ್ನೆಗಳಿವೆ, ಅವುಗಳಲ್ಲಿ ಒಂದಕ್ಕೂ ಓದಿಗೂ ಸಂಬಂಧವಿಲ್ಲ. ಅವನ್ನು ಬರೆದರೆ ಮುಂದಿನ ವರ್ಷ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ತಮ್ಮ ಸಾಧ್ಯತೆಯನ್ನು ತಾವೇ ಬರೆಯಿರಿ ಎಂದೂ ಒಮ್ಮೆ ಕೇಳಿದ್ದೆ. ಹುಡುಗರು ಸರಾಸರಿ ಅರವತ್ತರ ಸುತ್ತ ಬರೆದರೆ, ಅವರಿಗಿಂತ ಹೆಚ್ಚು ಅಂಕವಿದ್ದ ಹುಡುಗಿಯರು ನಲವತ್ತರ ಸುತ್ತ ಬರೆದರು. ಅದರಿಂದ ನನ್ನ ಲೆಕ್ಕಕ್ಕೆ ಉಪಯೋಗವಾಗಲಿಲ್ಲ, ಆದರೆ ಫಾರ್ಮ್ ತುಂಬಿಸುವಾಗ ಯಾರನ್ನು ಒತ್ತಾಯಿಸಬೇಕು ಎಂಬುದು ತಿಳಿಯಿತು. ಐಐಎಂ ಅಲ್ಲದ ಸಂಸ್ಥೆಗಳ ಒಂದೊಂದು ಫಾರ್ಮಿಗೂ ಸಾವಿರಾರು ರೂಪಾಯಿ ಹೋಗುವುದರಿಂದ, ಸಾಧ್ಯತೆ ನೂರಕ್ಕೆ ಹತ್ತರ ಕೆಳಗಿರುವ ಸಂಸ್ಥೆಗಳನ್ನು ಹೊಡೆದುಹಾಕಿಸಿ ಕಳೆದ ವರ್ಷ ತಲಾ ಆರೇಳು ಸಾವಿರವನ್ನಾದರೂ ಉಳಿಸಿಕೊಟ್ಟಿದ್ದೇನೆ ಎಂದು ನನ್ನ ಅಂದಾಜು.

ಕೈಗೆ ಸಿಗದೆ ಉಳಿದಿರುವುದು ನಡುವಿನ ಪಟ್ಟಿ. ನಲವತ್ತರಿಂದ ಅರವತ್ತು ಕೊಟ್ಟ ಎಂಟು ಕಾರ್ಡುಗಳಲ್ಲಿ ಆರು ಮಂದಿಗೆ ಸೀಟು ಸಿಕ್ಕಿತು, ಅದರ ಹಿಂದಿನ ವರ್ಷ ಅಷ್ಟೇ ಕಾರ್ಡುಗಳಲ್ಲಿ ಒಬ್ಬರಿಗೆ. ಮೂರು ಬಾರಿ ಲೆಕ್ಕ ತಿರುವಿ ನೋಡಿದರೂ ಕಾರಣ ಹಿಡಿಯಲಾಗದ್ದರಿಂದ, ಈ ಸಲ ಆ ಕಾರ್ಡುಗಳಿಗೆ ಅರ್ಧ ಶುಲ್ಕವನ್ನಷ್ಟೇ ತೆಗೆದುಕೊಳ್ಳುತ್ತಿದ್ದೇನೆ.