ಪುಣೆಯ ಚಳಿಗೆ ತಾಳಿದ ಕೊಳ

ನಮ್ಮ ಹಿತ್ತಲ ಕೊಳಕ್ಕೆ ಮೊದಲು ಬಿಟ್ಟದ್ದು ಇಪ್ಪತ್ತು ಗಪ್ಪಿ ಮೀನು. ಸಂಕ್ರಾಂತಿಯ ಹೊತ್ತಿಗೆ ಮೂರು ಉಳಿದಿದ್ದವು.

ಪುಣೆ ಅಂದರೆ ಬಿಸಿಲೂರು ಎಂದುಕೊಂಡು ಧಾರವಾಡದಿಂದ ಬಂದವಳು ನಾನು. ಪಾಷಾಣ್ ಕಡೆ ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಕೊಳದ ನೀರು 16 ಡಿಗ್ರಿ ಇತ್ತು. ಗಪ್ಪಿ ದಕ್ಷಿಣ ಅಮೆರಿಕದ ಬೆಚ್ಚನೆ ನೀರಿನ ಮೀನು, ಆ ತಣ್ಣೀರಲ್ಲಿ ಮಂಕಾಗಿಬಿಡುತ್ತದೆ. ನನ್ನ ತಪ್ಪೂ ಇತ್ತು. ಕೊಳದ ಆಳ ಒಂದೇ ಅಡಿ, ಅಷ್ಟು ತೆಳು ನೀರು ಒಂದು ರಾತ್ರಿಯಲ್ಲೇ ತಣಿಯುತ್ತದೆ. ಬೇಸಿಗೆಯಲ್ಲಿ ನಡುವೆ ಎರಡೂವರೆ ಅಡಿ ಅಗೆಸಿದೆ. ಕಪ್ಪೆಮರಿ ಹತ್ತಿ ಹೊರಬರಲಿ ಎಂದು ಒಂದು ಬದಿ ಇಳಿಜಾರು ಮಾಡಿ ಕಲ್ಲು ಜೋಡಿಸಿದೆ.

ಆಮೇಲೆ ತಂದದ್ದು ಗೋಲ್ಡ್‌ಫಿಶ್. ಕಾರ್ಪ್ ಜಾತಿಯದು, ಚಳಿದೇಶಗಳಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದ ಕೊಳದಲ್ಲೂ ಬದುಕುತ್ತದೆ. ಪುಣೆಯ ಚಳಿ ಅದಕ್ಕೆ ಯಾವ ಲೆಕ್ಕ! ಮಳೆಗಾಲಕ್ಕೆ ರಾಮನದಿ ಕಡೆಯಿಂದ ಕಪ್ಪೆಗಳು ಬಂದು ಮೊಟ್ಟೆ ಇಟ್ಟವು. ನಾಲ್ಕು ದಿನದಲ್ಲಿ ಗೋಲ್ಡ್‌ಫಿಶ್ ಎಲ್ಲವನ್ನೂ ಮುಗಿಸಿತು. ಉಳಿದದ್ದು ನೆಲಗಪ್ಪೆಯ ಮೊಟ್ಟೆ ಮಾತ್ರ: ಲೋಳೆಯ ದಾರದಲ್ಲಿ ಕಪ್ಪುಮಣಿ ಪೋಣಿಸಿದ ಹಾಗೆ ಇರುತ್ತದಲ್ಲ, ಅದು. ನೆಲಗಪ್ಪೆಯ ಮೈಯ ವಿಷ ಮೊಟ್ಟೆಯಲ್ಲೂ ಇರುವುದರಿಂದ ಮೀನು ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು.

ಗೋಲ್ಡ್‌ಫಿಶ್ ಬೇಕೋ, ಕಪ್ಪೆ ಬೇಕೋ? ನನಗೆ ಕಪ್ಪೆ ಬೇಕಿತ್ತು. ಗೋಲ್ಡ್‌ಫಿಶ್‌ಗಳು ಪಕ್ಕದ ಬೀದಿಯವರ ತೊಟ್ಟಿಗೆ ಹೋದವು.

ಸೊಳ್ಳೆಗೆ ಗ್ಯಾಂಬೂಸಿಯಾ ಬಿಡಿ ಎಂದು ಗೆಳತಿ ಒಬ್ಬರು ಪುಕ್ಕಟೆ ಕೊಡಲು ಬಂದರು. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಮೀನು ಅದು. ಚಳಿಗೆ ಜಗ್ಗುವುದಿಲ್ಲ ನಿಜ, ಆದರೆ ಗೊದಮೊಟ್ಟೆಗಳ ಬಾಲ ಕಡಿಯುತ್ತದೆ. ಬೇಡವೆಂದೆ. ಬದಲಿಗೆ ನಮ್ಮ ಗದ್ದೆ-ಹಳ್ಳಗಳದೇ ಪುಟ್ಟ ಮೀನು ಪಂಚಾಕ್ಸ್ ಐದು ಬಿಟ್ಟೆ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ, ಬಾಯಿ ಮೇಲ್ಮುಖ. ನೀರಿನ ಮೇಲ್ಪದರದಲ್ಲೇ ಸುತ್ತುತ್ತ ಸೊಳ್ಳೆಮರಿ ಹೆಕ್ಕುತ್ತದೆ. ಕಪ್ಪೆಗಳ ದಪ್ಪ ಗೊದಮೊಟ್ಟೆ ಅದರ ಬಾಯಿಗೆ ಹಿಡಿಸುವುದಿಲ್ಲ, ತೀರ ಎಳೆಯವನ್ನು ಹಿಡಿದರೂ ಹಿಡಿದೀತು. ಆ ಎಳೆಯವು ಅಡಗಲಿ ಎಂದು ನೈದಿಲೆ, ಹೈಡ್ರಿಲಾ ಎಂಬ ನೀರುಗಿಡ ಬೆಳೆಸಿದೆ. ಅಂತರಗಂಗೆಯನ್ನು ಮಾತ್ರ ಗೇಟಿನೊಳಗೆ ಬಿಡಲಿಲ್ಲ. ಏರೋಪ್ಲೇನ್ ಚಿಟ್ಟೆಗಳು ತಾವಾಗಿಯೇ ಬಂದವು. ಅವುಗಳ ಮರಿ ನೀರೊಳಗಿದ್ದು ಸೊಳ್ಳೆಮರಿ ತಿನ್ನುತ್ತವೆ. ಅವು ಬೆಳೆಯುವ ತನಕ ಚಹಾ ಸೋಸುವ ಜರಡಿಯಲ್ಲಿ ಸೊಳ್ಳೆಮರಿ ಎತ್ತಿದ್ದು ನಾನೇ.

ಅತ್ತೆಗೆ ಆಮೆಯ ಆಸೆ. "ಮನ್ಯಾಗ ಆಮಿ ಇದ್ರ ಲಕ್ಷ್ಮೀ ನಿಲ್ತಾಳಂತ, ಎರಡು ತಂದು ಬಿಡವಾ."

"ಅತ್ತಿ, ಕೇಸ್ ಆಗ್ತದ್ರಿ."

ನಮ್ಮ ಹಳ್ಳದ ಆಮೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸಾಕುವಂತಿಲ್ಲ. ಅಂಗಡಿಗಳಲ್ಲಿ ಸಿಗುವ ಕೆಂಪು ಕಿವಿಯ ಆಮೆ ಅಮೆರಿಕದ್ದು. ಕೊಳ್ಳುವಾಗ ರೂಪಾಯಿ ನಾಣ್ಯದಷ್ಟಿರುತ್ತದೆ, ಬೆಳೆದರೆ ಊಟದ ತಟ್ಟೆಯಷ್ಟಾಗಿ ಕೊಳವನ್ನೇ ಬರಿದು ಮಾಡುತ್ತದೆ. ಅತ್ತೆ ಒಂದು ವಾರ ಮಾತಾಡಲಿಲ್ಲ.

ಹೋದ ಮಳೆಗಾಲದಲ್ಲಿ ನೀರುಹಾವು ಬಂತು. ವಿಷವಿಲ್ಲದ್ದು. ಅತ್ತೆ ಕೋಲು ಹಿಡಿದು ಹೊರಟವರು ಅದರ ಮೈಯ ಚೌಕುಳಿ ನೋಡುತ್ತ ನಿಂತುಬಿಟ್ಟರು, ಇಳಕಲ್ ಸೀರೆಯ ಹಾಗಿದೆ ಎಂದರು. ಪಂಚಾಕ್ಸ್ ಈಗ ಮೂರು.