ಎದ್ದು ನೋಡಿದರೆ ಹಸು: ರೂಪಾಂತರದ ಕಥೆ ಬರೆಯುವುದು ಹೇಗೆ?

ಒಂದು ಕಥಾಸ್ಪರ್ಧೆಗೆ ಬರುವ ಕಥೆಗಳನ್ನು ಮೊದಲ ಸುತ್ತಿನಲ್ಲಿ ಓದುವ ಕೆಲಸ ನನ್ನದು. ಪ್ರತಿ ಸಲವೂ ಯಾರಾದರೂ ಒಬ್ಬರು ಇರುವೆಯಾಗಿ ಎದ್ದಿರುತ್ತಾರೆ. ಸರಿ, ಆಗಲಿ. ಆದರೆ ಮುಂದಿನ ನಾಲ್ಕು ಪುಟ ಮನುಷ್ಯರ ದುರಾಸೆಯ ಬಗ್ಗೆ ಭಾಷಣ. ಆರು ಕಾಲಲ್ಲಿ ನಡೆಯೋದು ಹೇಗೆ ಅಂತ ಆ ಇರುವೆಗೆ ಒಂದು ಸಲವೂ ತಲೆಬಿಸಿ ಆಗಿರುವುದಿಲ್ಲ. ಇದಕ್ಕೆ ಛದ್ಮವೇಷ ಅನ್ನಬಹುದು, ರೂಪಾಂತರ ಅನ್ನೋಕಾಗಲ್ಲ.

ಹಂತ 1: ಕಾರಣ. ಶಾಪವೋ ಔಷಧವೋ, ಒಂದು ಸಾಲಲ್ಲಿ ಮುಗಿಸಿ. 1915ರಲ್ಲಿ ಬಂದ, ಜರ್ಮನ್ ಭಾಷೆಯ ಲೇಖಕ ಕಾಫ್ಕಾನ ‘ಮೆಟಮಾರ್ಫಸಿಸ್’ ಕಥೆಯಲ್ಲಿ ಅದೂ ಇಲ್ಲ. ಗ್ರೆಗರ್ ಸಾಮ್ಸಾ ಹುಳುವಾಗಿ ಎದ್ದ, ಎದ್ದವನೇ ರೈಲು ತಪ್ಪಿತಲ್ಲ ಅಂತ ಚಿಂತೆ ಮಾಡಿದ.

ಹಂತ 2: ನೆನಪು ಎಲ್ಲಿರುತ್ತದೆ? ಜಾಸ್ತಿ ಜನ ಎಡವುವುದು ಇಲ್ಲೇ. ತಲೆಯಲ್ಲೋ, ಮೈಯಲ್ಲೋ? ಪೆನ್ನು ಹಿಡಿಯುವ ಮೊದಲೇ ತೀರ್ಮಾನಿಸಿ. ರೋಮಿನ ಕವಿ ಓವಿಡ್ ಹೇಳುವ ಕಥೆಯಲ್ಲಿ ಬೇಟೆಗಾರ ಆಕ್ಟಿಯಾನ್ ಜಿಂಕೆಯಾಗುತ್ತಾನೆ, ಬುದ್ಧಿ ಮಾತ್ರ ಮೊದಲಿನದೇ. ಸಾಕಿದ ನಾಯಿಗಳೇ ಮೇಲೆ ಬೀಳುವಾಗ ‘ನಾನು ಕಣ್ರೋ’ ಅನ್ನಬೇಕು, ಬಾಯಿ ಇಲ್ಲ.

ಗಿರೀಶ ಕಾರ್ನಾಡರ ‘ಹಯವದನ’ ನಾಟಕದಲ್ಲಿ (1971) ವಿಷಯ ಇನ್ನೂ ಸಿಕ್ಕು. ಗೆಳೆಯರಾದ ದೇವದತ್ತ, ಕಪಿಲರ ತಲೆ ಅದಲುಬದಲಾಗುತ್ತದೆ. ತಲೆಯೇ ಯಜಮಾನ ಅಂತ ತೀರ್ಪಾಗುತ್ತದೆ, ಮೈಯೂ ನಿಧಾನಕ್ಕೆ ತಲೆಯ ಮಾತು ಕೇಳುತ್ತದೆ. ಆದರೂ ಕಪಿಲನಿಗೆ ಸಿಕ್ಕಿದ ದೇವದತ್ತನ ಮೈ ಅವನ ಹೆಂಡತಿ ಪದ್ಮಿನಿಯ ಸ್ಪರ್ಶವನ್ನು ಮರೆತಿರುವುದಿಲ್ಲ. ತಲೆಗೆ ಗೊತ್ತೇ ಇಲ್ಲದ ನೆನಪು ಅದು.

ನನ್ನ ಕೇಳಿದರೆ ಮೈಯನ್ನೇ ನಂಬಿ. ಟೈಲರ್ ರತ್ನಮ್ಮ ಹಸುವಾದಳು ಅನ್ನಿ. ‘ಅಯ್ಯೋ, ನನ್ನ ಹಳೇ ಬದುಕು’ ಅಂತ ಅಳಿಸಬೇಡಿ. ಪಕ್ಕದ ಮನೆಯಲ್ಲಿ ಹೊಲಿಗೆ ಮಿಷನ್ ಸದ್ದಾದಾಗ ಅವಳ ಹಿಂಗಾಲು ತಂತಾನೆ ನೆಲ ಒತ್ತಲಿ. ಹುಲ್ಲಿನ ಕಂತೆಯಿಂದ ಒಂದೇ ಎಳೆ ಎಳೆದು, ತುದಿ ಒದ್ದೆ ಮಾಡಿ, ಒಂದು ಕಣ್ಣು ಕಿರಿದು ಮಾಡಿಕೊಂಡು ನಿಲ್ಲಲಿ. ಮುಂದೇನು ಅಂತ ಗೊತ್ತಾಗದೆ ಅದನ್ನು ತಿಂದುಬಿಡಲಿ.

ಕನ್ನಡಿ ಮುಂದೆ ನಿಲ್ಲಿಸಿ ಕೊಂಬು, ಬಾಲ ವರ್ಣಿಸುವುದು ಸೋಮಾರಿಗಳ ದಾರಿ. ಕೊನೆಗೆ ‘ಥಟ್ಟನೆ ಎಚ್ಚರವಾಯಿತು’ ಅನ್ನುವುದಂತೂ ಓದುಗರಿಗೆ ಮಾಡುವ ಮೋಸ. ದುಡ್ಡು ಕೊಟ್ಟು ಸೇರಿದ ಒಂದು ಆನ್‌ಲೈನ್ ಕೋರ್ಸಿನಲ್ಲಿ ಇದನ್ನೇ ‘ಟ್ವಿಸ್ಟ್’ ಅಂತ ನನಗೆ ಕಲಿಸಿದ್ದರು!

ಹಂತ 3: ಅರ್ಧ ದಾರಿ. ಬದಲಾವಣೆ ಪೂರ್ತಿ ಆಗಲೇಬೇಕು ಅಂತೇನಿಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮದೇ ಜನಪದ ಕಥೆಯಲ್ಲಿ ಹುಡುಗಿಯೊಬ್ಬಳು ಹೂವಿನ ಮರವಾಗುತ್ತಾಳೆ. ಒಂದು ಕೊಡ ನೀರು ಹೊಯ್ದರೆ ಮರ, ಇನ್ನೊಂದು ಹೊಯ್ದರೆ ಮತ್ತೆ ಹುಡುಗಿ. ನಾದಿನಿಯ ಗುಂಪು ರೆಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಎರಚಿ ಹೋಗುತ್ತದೆ. ಅವಳು ಕೈಕಾಲಿಲ್ಲದೆ, ಅತ್ತ ಮರವೂ ಅಲ್ಲದೆ ಇತ್ತ ಮನುಷ್ಯಳೂ ಅಲ್ಲದೆ ಉಳಿಯುತ್ತಾಳೆ. ಚಿಕ್ಕವಳಿದ್ದಾಗ ಕೇಳಿದ್ದು, ಇವತ್ತಿಗೂ ರೆಂಬೆ ಮುರಿಯೋಕೆ ಕೈ ಬರಲ್ಲ.

ಹಂತ 4: ಕ್ರಿಯಾಪದ. ಇದನ್ನು ಯಾರೂ ಗಮನಿಸುವುದಿಲ್ಲ, ಆದರೆ ಕನ್ನಡದಲ್ಲಿ ಬರೆಯುವವರಿಗೆ ಪುಕ್ಕಟೆ ಸಿಕ್ಕಿರುವ ಆಯುಧ. ‘ರತ್ನಮ್ಮ ಕೊಟ್ಟಿಗೆಗೆ ಬಂದಳು’ ಅನ್ನುತ್ತೀರೋ, ‘ಬಂತು’ ಅನ್ನುತ್ತೀರೋ? ‘ಅವಳು’ ಹೋಗಿ ‘ಅದು’ ಬರುವ ಜಾಗವೇ ನಿಮ್ಮ ಕಥೆಯ ನಡುಮಧ್ಯ. ಸುಮ್ನೆ ಗಡಿಬಿಡಿಯಲ್ಲಿ ದಾಟಿಬಿಡಬೇಡಿ. (ಹವ್ಯಕ ಕನ್ನಡದಲ್ಲಿ ಬರೆಯುವವರು ಬೇರೆ ಉಪಾಯ ಹುಡುಕಬೇಕು. ಅಲ್ಲಿ ಹೆಂಗಸರಿಗೂ ‘ಅದು’ ಅಂತಲೇ ಹೇಳುತ್ತಾರೆ.)

ಹಂತ 5: ತಿದ್ದುವುದು. ಒಂದು ವಾರ ಬಿಟ್ಟು ಕೆಂಪು ಪೆನ್ನು ಹಿಡಿದು ಕೂರಿ. ‘ಅದು’ ಮೊದಲು ಬಂದದ್ದು ಯಾರ ಬಾಯಲ್ಲಿ, ಕಥೆ ಹೇಳುವವರದೋ, ಮನೆಯವರದೋ? ನಾನಾದರೆ ಮನೆಯವರ ಬಾಯಲ್ಲೇ ಬರಿಸುತ್ತೇನೆ. ಮೊದಮೊದಲು ಗಂಡ ದಿನಾ ರಾತ್ರಿ ಕೊಟ್ಟಿಗೆಗೆ ಬಂದು ‘ರತ್ನಾ, ಊಟ ಆಯ್ತಾ?’ ಅನ್ನುತ್ತಿರುತ್ತಾನೆ. ಒಂದು ದಿನ ಒಳಗಿನಿಂದಲೇ ಮಗಳನ್ನು ಕೂಗಿ, ‘ಅದಕ್ಕೆ ಹುಲ್ಲು ಹಾಕಿದ್ಯೇನೇ?’ ಅಂತಾನೆ. ಆ ಸಾಲು ಆದಮೇಲೆ ಅರ್ಧ ಪುಟಕ್ಕಿಂತ ಜಾಸ್ತಿ ಬರೆದಿದ್ದರೆ ಹೊಡೆದುಹಾಕಿ.